ಕಿಡಿಯಣ್ಣನ ಇಪ್ಪತ್ತೆರಡು

ಗೇಟು, ಕಿಟಕಿಗೆ ಬೆಸುಗೆ ಹಾಕುವ ಅವನನ್ನು ಬೀದಿಯವರೆಲ್ಲ ಕಿಡಿಯಣ್ಣ ಅನ್ನುತ್ತಿದ್ದರು. ಆ ಹೆಸರು ಅವನ ಕೆಲಸಕ್ಕೂ ಸರಿ, ಮೂಗಿನ ತುದಿಯ ಕೋಪಕ್ಕೂ ಸರಿ. ತಪ್ಪು ಅಳತೆ ಕೊಟ್ಟ ಗಿರಾಕಿಯನ್ನು ಹಿಗ್ಗಾಮುಗ್ಗಾ ಬೈದು, ಆಮೇಲೆ ತಾನೇ ಕೂತು ಗೇಟು ಸರಿಮಾಡಿಕೊಡುವ ಆಸಾಮಿ.

ಅಂಥವನು ಭಾನುವಾರ ಮಧ್ಯಾಹ್ನ ಮಾತ್ರ ಕೈ ತೊಳೆದು ಊಟದ ಮೇಜಿನ ಮುಂದೆ ಸುಮ್ಮನೆ ಕೂರುತ್ತಿದ್ದ. ಪ್ರೆಸ್ಸಿನಲ್ಲಿ ಬೈಂಡಿಂಗ್ ಮಾಡುವ ಭಾಮೈದ ದಪ್ಪ ನಿಯಮದ ಪುಸ್ತಕ ತೆರೆದು ಕಥೆಯಾಟ ನಡೆಸುತ್ತಿದ್ದ. ಅವನು ಕಥೆ ಹೇಳಬೇಕು, ಉಳಿದವರು ಒಬ್ಬೊಬ್ಬ ವೀರರಾಗಿ ಅದರೊಳಗೆ ನಡೆಯಬೇಕು, ಸೋಲು ಗೆಲುವನ್ನು ಇಪ್ಪತ್ತು ಮುಖದ ದಾಳ ತೀರ್ಮಾನಿಸಬೇಕು. ಕಿಡಿಯಣ್ಣ ನಾಲ್ಕು ವರ್ಷದಿಂದ ಒಬ್ಬನೇ ಕಾವಲುಗಾರನನ್ನು ಆಡಿಸಿಕೊಂಡು ಬಂದಿದ್ದ. ವೀರ ಸತ್ತರೆ ಆಡಿಸಿದವನು ಕಥೆ ಮುಗಿಯುವ ತನಕ ಮೂಲೆಯಲ್ಲಿ ಕೂರಬೇಕು ಅಂತ ಕಟ್ಟು ಮಾಡಿದವನೂ ಅವನೇ.

ಆ ಭಾನುವಾರ ಬೆಂಕಿಯುಗುಳುವ ರೆಕ್ಕೆಹಾವು ಎದುರಾಯಿತು. ಕಾವಲುಗಾರನಲ್ಲಿ ಉಳಿದಿದ್ದು ಒಂದು ಪೆಟ್ಟಿನ ಜೀವ. ಪಕ್ಕದಲ್ಲಿದ್ದ ಹೆಂಡತಿ ತನ್ನ ಸಿಪಾಯಿಯಿಂದ ಹೊಡೆಸುವುದು ಬಿಟ್ಟು ಕಾವಲುಗಾರನಿಗೆ ಗುರಾಣಿ ಅಡ್ಡ ಹಿಡಿಸಿದಳು. ನನ್ನ ರಕ್ಷಣೆ ನನಗೆ ಸಾಕು ಎಂದು ಕಿಡಿಯಣ್ಣ ಗುರುಗುಟ್ಟಿದ; ಆ ಗುರಾಣಿಯಿಂದ ಸಿಗುವ ಎರಡು ರಕ್ಷಣೆಯ ಅಂಕವನ್ನು ಚೀಟಿಯಲ್ಲಿ ಬರೆದುಕೊಳ್ಳಲೇ ಇಲ್ಲ. ಕವಚದ್ದು ಹದಿನೆಂಟು, ಮಂತ್ರದುಂಗುರದ್ದು ಎರಡು, ಮಂತ್ರದ ಪದಕದ್ದು ಎರಡು. ಒಟ್ಟು ಇಪ್ಪತ್ತೆರಡು. ಹಾವಿನ ಎಣಿಕೆ ಅಷ್ಟು ಮುಟ್ಟಿದರೆ ಮಾತ್ರ ಪೆಟ್ಟು.

ದಾಳ ಉರುಳಿತು. ದಾಳದಲ್ಲಿ ಹನ್ನೆರಡು, ಹಾವಿನ ಬಲದ್ದು ಒಂಬತ್ತು, ಒಟ್ಟು ಇಪ್ಪತ್ತೊಂದು. ಕಿಡಿಯಣ್ಣ ಮೇಜು ಕುಟ್ಟಿ ನಕ್ಕ.

ಭಾಮೈದ ಪುಸ್ತಕದಿಂದ ತಲೆ ಎತ್ತಲಿಲ್ಲ. "ಭಾವ, ಉಂಗುರ, ಪದಕ ಎರಡೂ ಒಂದೇ ಥರದ ಮಂತ್ರ. ಒಂದೇ ಥರದ್ದು ಕೂಡಲ್ಲ. ಒಂದನ್ನೇ ಹಿಡೀಬೇಕು. ನಿಮ್ಮದು ಇಪ್ಪತ್ತೇ."

ಕಿಡಿಯಣ್ಣನ ಮುಖ ಕಾದ ಕಬ್ಬಿಣವಾಯಿತು. ಆ ಪುಸ್ತಕ ಬರೆದವನನ್ನು, ಅಚ್ಚು ಹಾಕಿದವನನ್ನು, ಕೊನೆಗೆ ಬೈಂಡ್ ಮಾಡುವವರ ಕುಲವನ್ನೇ ಜಾಲಾಡಿದ. ಎರಡು ತೊಟ್ಟ ಮೇಲೆ ಎರಡೂ ಕಾಯಬೇಕು ಅನ್ನುವುದು ಅವನ ವಾದ.

ಹೆಂಡತಿ ಮೆಲ್ಲಗೆ ಕೇಳಿದಳು: "ಕೊಡೆ ಮೇಲೆ ಇನ್ನೊಂದು ಕೊಡೆ ಹಿಡಿದ್ರೆ ಏನು ಬಂತು ರೀ? ಕೊಡೆ ಜೊತೆ ಬೂಟು ಹಾಕ್ಕೊಂಡ್ರೆ ಅದು ಬೇರೆ ಮಾತು, ಕಾಲೂ ನೆನೆಯಲ್ಲ."

ಕಿಡಿಯಣ್ಣ ಕಾವಲುಗಾರನ ಹೆಸರು ಹೊಡೆದುಹಾಕಲು ಪೆನ್ಸಿಲ್ ಎತ್ತಿಕೊಂಡ. ಕೈ ಮುಂದೆ ಹೋಗಲಿಲ್ಲ.

"ತಾಳಿ ಭಾವ," ಎಂದ ಭಾಮೈದ, ಹಾಳೆ ತಿರುವುತ್ತ. "ಅಕ್ಕನ ಗುರಾಣಿ ಮಂತ್ರ ಅಲ್ಲ, ಅಡ್ಡ ಹಿಡಿದ ಮರೆ. ಅದು ಬೇರೆ ಥರ. ಕೂಡುತ್ತೆ."

"ನಾನು ಬರ್ಕೊಂಡಿಲ್ಲ," ಎಂದ ಕಿಡಿಯಣ್ಣ. ಕೋಪಿಷ್ಠನಾದರೂ ಮೋಸಗಾರನಲ್ಲ.

"ನಾನು ಹಿಡಿದಿದೀನಲ್ಲ," ಎಂದಳು ಹೆಂಡತಿ. "ನೀವು ಬರ್ಕೊಳ್ಳಲಿಲ್ಲ ಅಂತ ಗುರಾಣಿ ಕೆಳಗೆ ಬೀಳುತ್ತಾ?"

ಇಪ್ಪತ್ತು, ಮೇಲೆ ಎರಡು; ಮತ್ತೆ ಇಪ್ಪತ್ತೆರಡು. ಬೆಂಕಿ ಗುರಾಣಿಗೆ ಬಡಿದು ಪಕ್ಕಕ್ಕೆ ಹರಿಯಿತು ಎಂದು ಭಾಮೈದ ಕಥೆ ಮುಂದುವರಿಸಿದ.

ಕಿಡಿಯಣ್ಣ ಕುರ್ಚಿಗೆ ಒರಗಿ ಉಸಿರು ಬಿಟ್ಟ. ಎರಡು ಲೋಟ ನೀರು ಗಟಗಟ ಕುಡಿದ. ಮುಖ ಇನ್ನೂ ಗಂಟಿಕ್ಕಿಕೊಂಡೇ ಇತ್ತು, ದನಿ ಮಾತ್ರ ತಣ್ಣಗಾಗಿತ್ತು.

"ಇನ್ನೊಂದು ಸುತ್ತು ಗುರಾಣಿ ಹಿಡ್ಕೊಂಡೇ ಇರು," ಎಂದ ಹೆಂಡತಿಗೆ.