ಸಂದು ಮುಚ್ಚಿದ ಬೀದಿ

ಈಗಲೂ ಕಣ್ಣು ಮುಚ್ಚಿದರೆ ನಮ್ಮ ಬೀದಿ ಮೆಲ್ಲಗೆ ಹರಿಯತೊಡಗುತ್ತದೆ. ಅದರ ಮೇಲೆ ತೇಲುವ ನೀಲಿ ಟಾರ್ಪಾಲು, ಅದರ ಅಂಚು ಹಿಡಿದ ಪಕ್ಕದ ಮನೆಯ ಅಕ್ಕ. ಸದ್ದೇ ಇರುವುದಿಲ್ಲ.

ರಾವಂದೂರಿನ ನಮ್ಮ ಬೀದಿ ಇಳಿಜಾರು. ಕೊನೆಯಲ್ಲಿ ಬಾಯಿ ತೆರೆದ ಮೋರಿ. ಬೀದಿಗೆಲ್ಲ ಹೊಸ ಬಗೆಯ ಇಟ್ಟಿಗೆ ಹಾಸಿದ್ದರು. ನಡುನಡುವೆ ಬೆರಳು ತೂರುವಷ್ಟು ಸಂದು, ಸಂದಿನಲ್ಲಿ ಸಣ್ಣ ಜಲ್ಲಿ. ಮಳೆನೀರು ಹರಿಯುತ್ತಿರಲಿಲ್ಲ, ಬಿದ್ದಲ್ಲೇ ನೆಲದೊಳಕ್ಕೆ ಇಳಿಯುತ್ತಿತ್ತು. ಸಂದು ಮುಚ್ಚಬೇಡಿ ಎಂದು ಹಾಸಿದವರು ಹೇಳಿಯೇ ಹೋಗಿದ್ದರು.

ಆದರೆ ನಾವು ರಾಗಿ ಒಣಹಾಕುವುದೂ ಬೀದಿಯಲ್ಲೇ. ಕಾಳೆಲ್ಲ ಸಂದಿಗೆ ಇಳಿಯಿತು. ಬಳಿದರೆ ಜಲ್ಲಿಯೂ ಜೊತೆಗೆ ಬಂದು ಮುದ್ದೆಯಲ್ಲಿ ಕಟಕಟ ಎಂದಿತು.

"ಡಿಗ್ರಿ ಓದಿದ್ದೀಯಲ್ಲ, ಏನಾರ ಮಾಡವ್ವ" ಎಂದರು ಅಕ್ಕ.

ಮುಚ್ಚಿದರೆ ನೀರು ಎಲ್ಲಿಗೆ ಹೋಗುತ್ತದೆಂದು ನನಗೆ ತಿಳಿದಿತ್ತು. ಆದರೂ ಬಕೆಟ್ಟಿನಲ್ಲಿ ಸಿಮೆಂಟು ಕಲಸಿದವಳು ನಾನೇ. ಬೀದಿಯವರೆಲ್ಲ ಸೇರಿ ಒಂದೇ ಭಾನುವಾರ ಸಂದುಗಳನ್ನು ತುಂಬಿದೆವು. ನೆಲ ನುಣ್ಣಗೆ, ಕನಸಿನ ಅಂಗಳದಂತೆ ಕಾಣಿಸಿತು.

ಬೇಸಿಗೆಯ ಮೊದಲ ಜೋರು ಮಳೆ ಮಧ್ಯಾಹ್ನ ಬಂತು. ಅಕ್ಕ ರಾಗಿಯನ್ನು ಟಾರ್ಪಾಲಿಗೆ ಬಳಿದು ಗಂಟು ಕಟ್ಟುವಷ್ಟರಲ್ಲಿ ಬೀದಿಯ ಮೇಲ್ತುದಿಯಿಂದ ಕೆಂಪು ನೀರು ಮೊಣಕಾಲೆತ್ತರ ನುಗ್ಗಿತು. ಕಾಲು ಜಾರಿ ಬಿದ್ದರು. ಟಾರ್ಪಾಲು ಅವರನ್ನು ಮೋರಿಯತ್ತ ಎಳೆಯಿತು.

"ಬುಡಕ್ಕ! ರಾಗಿ ಓದ್ರೆ ಓಗ್ಲಿ, ಬುಡು!" ಬಾಗಿಲಲ್ಲಿ ನಿಂತೇ ಕಿರುಚಿದೆ. ಅವರು ಬಿಡಲಿಲ್ಲ.

ಮೋರಿಗೆ ಎರಡು ಮಾರು ಮುಂಚೆ ಟಾರ್ಪಾಲಿನ ಹಗ್ಗ ಲೈಟುಕಂಬಕ್ಕೆ ಸಿಕ್ಕಿಕೊಂಡಿತು. ಅಂಚನ್ನು ಬಿಗಿಹಿಡಿದಿದ್ದ ಅಕ್ಕ ಅಲ್ಲೇ ತೂಗಾಡಿದರು. ಆಗ ನನ್ನ ಕಾಲು ಕದಲಿತು. ಗೋಡೆ ಹಿಡಿದು ಹೋಗಿ ತೋಳು ಹಿಡಿದೆಳೆದೆ. ರಾಗಿ ಮಾತ್ರ ಒಂದು ಹಿಡಿಯೂ ಉಳಿಯಲಿಲ್ಲ.

ಮರುದಿನ ಸುತ್ತಿಗೆ, ಚಾಣ ಹಿಡಿದು ಸಿಮೆಂಟು ಕೀಳುತ್ತಾ ಕುಳಿತೆ. ಅಕ್ಕ ಕುಂಟುತ್ತಾ ಬಂದು ಪಕ್ಕದಲ್ಲಿ ಕೂತರು.

"ನೀ ಬುಡು ಅಂದೆ ಕಣವ್ವ. ನಿನ್ ಮಾತು ಕೇಳಿದ್ರೆ ಮೋರೀಲಿರ್ತಿದ್ದೆ."

ಅವರು ನಕ್ಕರು. ನನಗೆ ನಗು ಬರಲಿಲ್ಲ.

ಈಗ ರಾಗಿ ಒಣಗುವುದು ಅವರ ತಾರಸಿಯ ಮೇಲೆ. ಮಳೆ ಬಂದಾಗ ಸಂದುಗಳಲ್ಲಿ ಸಣ್ಣ ಗುಳ್ಳೆಗಳೆದ್ದು ನೀರು ಕೆಳಗಿಳಿಯುತ್ತದೆ. ನೋಡುತ್ತಾ ನೋಡುತ್ತಾ ನಿದ್ದೆ ಬಂದಂತಾಗುತ್ತದೆ. ಅಷ್ಟರಲ್ಲಿ ಅಕ್ಕ ಹೊರಗಿನಿಂದ ಕೂಗಿದರೆ ಎದ್ದು ಓಡುತ್ತೇನೆ. ಮುಖಕ್ಕಿಂತ ಮೊದಲು ಅವರ ಪಾದ ನೋಡುತ್ತೇನೆ, ನೆಲದ ಮೇಲಿವೆಯೇ ಎಂದು.