ಗುಳಿಗೆಯ ಬೆನ್ನಿಗೇ ಇಸಬ್‌ಗೋಲ್

ನನ್ನ ಅಕ್ಕನಿಗೆ ಥೈರಾಯ್ಡ್ ಇದೆಯೆಂದು ಗೊತ್ತಾಗಿ ವರ್ಷಗಳೇ ಆದವು. ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಸಣ್ಣ ಗುಳಿಗೆ ನುಂಗಿಕೊಂಡು ಆರಾಮವಾಗಿಯೇ ಇದ್ದಳು. ಕಳೆದ ವರ್ಷ ಮಾತ್ರ ಎಲ್ಲ ಕೆಟ್ಟಿತು. ಮುಖ ಊದಿಕೊಂಡಿತು, ಕೂದಲು ಉದುರತೊಡಗಿತು. ರೊಟ್ಟಿ ಬಡಿಯಲು ಕೂತರೆ ಅರ್ಧಕ್ಕೇ ಸುಸ್ತಾಗಿ ಗೋಡೆಗೆ ಒರಗುತ್ತಿದ್ದಳು. ಡಾಕ್ಟರು ಡೋಸ್ ಹೆಚ್ಚಿಸಿದರು, ಮತ್ತೆ ಹೆಚ್ಚಿಸಿದರು. ಆದರೂ ರಕ್ತದ ವರದಿ ಪ್ರತಿ ಸಲವೂ ಮೊದಲಿಗಿಂತ ಕೆಟ್ಟದಾಗಿಯೇ ಬರುತ್ತಿತ್ತು.

ಬೀದರ್ ಕಡೆಯಿಂದ ಮದುವೆಯಾಗಿ ನಾನು ನಾಸಿಕ್‌ಗೆ, ಅಕ್ಕ ಸಂಭಾಜಿನಗರಕ್ಕೆ ಬಂದವರು. ಒಂದು ದಿನ ಭಾವನವರು ಚಿಕಲಠಾಣಾದ ಕಾರ್ಖಾನೆಯಿಂದಲೇ ಫೋನ್ ಮಾಡಿದರು.

"ನಾಕ್ ದಿನ ಬಂದ್ ಇರ್ತೀರೇನ್ರಿ? ನಿಮ್ಮಕ್ಕ ಗುಳಿಗಿ ನುಂಗಲ್ಲ ಅನಸ್ತದ. ಕೇಳಿದ್ರ ಅಳ್ತಾಳ. ನೀವರ ಜರಾ ನೋಡ್ರಿ."

ನಾನು ಹೋದೆ. ಬಂದ ಕಾರಣ ಅಕ್ಕನಿಗೆ ಕೂಡಲೇ ಹೊಳೆಯಿತು.

"ನೀನೂ ನನ್ನ ಕಾಯ್ಲಿಕ್ಕ ಬಂದಿ ಏನು?" ಎಂದಳು. "ಡಾಕ್ಟರ್ ನಂಬಲ್ಲ, ಮನ್ಯಾಗ ಇವ್ರು ನಂಬಲ್ಲ. ಒಂದ್ ದಿನಾನೂ ಗುಳಿಗಿ ಬಿಟ್ಟಿಲ್ಲವ್ವ ನಾ."

ಇದು ಬೇರೇನೋ ದೊಡ್ಡ ರೋಗ, ತನಗೆ ಯಾರೂ ಹೇಳುತ್ತಿಲ್ಲ ಎಂಬ ಭಯ ಅವಳನ್ನು ಒಳಗೇ ತಿನ್ನುತ್ತಿತ್ತು.

ಮರುದಿನ ಬೆಳಿಗ್ಗೆ ಅಕ್ಕ ನನ್ನೆದುರೇ ಗುಳಿಗೆ ನುಂಗಿ, ಬಾಯಿ ತೆರೆದು ತೋರಿಸಿದಳು. ಹಾಗೇ ನಿಂತಲ್ಲೇ ಇನ್ನೊಂದು ಲೋಟದಲ್ಲಿ ಇಸಬ್‌ಗೋಲ್ ಹೊಟ್ಟು ಕಲಸಿ, ಗಟ್ಟಿಯಾಗುವ ಮೊದಲೇ ಗಟಗಟ ಕುಡಿದಳು.

"ಇದೇನಕ್ಕಾ?"

"ಹೊಟ್ಟಿ ಸಾಫ್ ಆಗಲ್ಲ. ಬಾಜೂ ಮನಿಯವ್ರು ಹೇಳಿದ್ರು. ಗಿಡದ್ ಔಷಧ, ಇದ್ರಿಂದ ಏನಾಗ್ತದ?"

"ಡಾಕ್ಟರಿಗೆ ಹೇಳಿದ್ದಿ ಏನು?"

"ಇದೇನ್ ಗುಳಿಗಿ ಅದ ಏನು, ಹೇಳ್ಲಿಕ್ಕ?"

ನನಗೂ ಏನೂ ಗೊತ್ತಿರಲಿಲ್ಲ. ಆದರೆ ಲೋಟದ ತಳಕ್ಕೆ ಅಂಟಿದ ಲೋಳೆಯನ್ನು ತಿಕ್ಕಿ ತೊಳೆಯುವಾಗ ಮನಸ್ಸು ಸುಮ್ಮನಿರಲಿಲ್ಲ. ಅವತ್ತೇ ಅಕ್ಕನನ್ನು ಕರೆದುಕೊಂಡು ಹೋಗಿ ಡಾಕ್ಟರ ಮುಂದೆ ಅದನ್ನು ಹೇಳಿಯೇಬಿಟ್ಟೆ.

ಯಾವಾಗಿನಿಂದ, ಯಾವ ಹೊತ್ತಿಗೆ ಎಂದು ಅವರು ಮರಾಠಿಯಲ್ಲಿ ಕೇಳುತ್ತ ಹೋದರು. ವರದಿ ಕೆಡತೊಡಗಿದ್ದೂ ಹೊಟ್ಟು ಶುರುಮಾಡಿದ ಮೇಲೆಯೇ. ಇಸಬ್‌ಗೋಲ್ ಕೆಟ್ಟದ್ದಲ್ಲ, ಆದರೆ ಹೊಟ್ಟೆಯಲ್ಲಿ ಉಬ್ಬಿ ಲೋಳೆಯಾದಾಗ ಗುಳಿಗೆಯನ್ನೂ ಹಿಡಿದುಕೊಳ್ಳಬಹುದು, ಮೈಗೆ ಹತ್ತಬೇಕಾದ ಔಷಧ ಪೂರ್ತಿ ಹತ್ತುವುದಿಲ್ಲ ಎಂದರು. ಥೈರಾಯ್ಡ್ ಹದ ತಪ್ಪಿದರೆ ಮಲಬದ್ಧತೆಯೂ ಹೆಚ್ಚುತ್ತದಂತೆ. ಅದು ಹೆಚ್ಚಾದಂತೆಲ್ಲ ಅಕ್ಕ ಹೊಟ್ಟನ್ನೂ ಹೆಚ್ಚಿಸಿದ್ದಳು! ಇನ್ನು ಗುಳಿಗೆ ಬೆಳಿಗ್ಗೆ ಬರೀ ನೀರಿನಲ್ಲಿ, ಹೊಟ್ಟು ರಾತ್ರಿ ಊಟದ ನಂತರ ಎಂದು ಹೇಳಿ, ಏರಿಸಿದ್ದ ಡೋಸನ್ನೂ ಇಳಿಸಿದರು.

ಅಕ್ಕ ನನ್ನ ಕೈ ಹಿಡಿದು, "ಅಂದ್ರ ನಾ ಸುಳ್ಳ್ ಹೇಳಿಲ್ಲ ಅಂತ ಆಯ್ತಲ್ಲ?" ಎಂದಳು. ದೊಡ್ಡ ರೋಗವಲ್ಲ ಎನ್ನುವುದು ಅವಳಿಗೆ ಆಮೇಲೆ ಹೊಳೆಯಿತು. ಆಗ ಅತ್ತಳು.

ಕೆಲವು ವಾರಗಳ ನಂತರ ಮತ್ತೆ ಪರೀಕ್ಷೆ. ನಾನೂ ಹೋಗಿದ್ದೆ. ವರದಿ ಸರಿಯಾಗಿತ್ತು. ಆಸ್ಪತ್ರೆಯ ಗೇಟಿನಲ್ಲಿ ಭಾವನವರು, "ನಿನ್ ಮ್ಯಾಲ ಸುಮ್ನ ಸಂಶಯ ಪಟ್ಟೆ, ತಪ್ಪಾಯ್ತು" ಎಂದರು.

"ಆಯ್ತು ಬಿಡ್ರಿ, ಹಸಿವಾಗ್ಲತ್ತದ. ಮೊದಲ್ ಏನರ ತಿನ್ನಸ್ರಿ" ಎಂದಳು ಅಕ್ಕ.

ಹತ್ತಿರದ ಉಡುಪಿ ಹೋಟೆಲಿನಲ್ಲಿ ಕೂತೆವು. ಅವಳು ದೋಸೆ ತಿನ್ನುವುದನ್ನೇ ನೋಡುತ್ತ ಭಾವನವರು ತಮ್ಮ ಚಹಾ ಆರಲು ಬಿಟ್ಟರು. ನನಗೆ ನಾಸಿಕ್ ಬಸ್ಸು ತಪ್ಪಿತು. ಬೇಸರವೇನೂ ಆಗಲಿಲ್ಲ.