ಪರದಿ ಚಾಚಾನ ಸಲಹೆಯ ಮೇರೆಗೆ

ಚಾಚಾನ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಹುಡುಗತನದಲ್ಲಿ ಬಿದಿರು ಸೀಳುವ ಕತ್ತಿ ಜಾರಿ ಬಿದ್ದ ಏಟಂತೆ. ಆಮೇಲೆ ಆ ಉಗುರು ಕೂಡಿಕೊಳ್ಳಲೇ ಇಲ್ಲ, ಬೆಳೆದಾಗಲೆಲ್ಲ ಎರಡು ಹೋಳಾಗಿಯೇ ಬೆಳೆಯಿತು. ಅವರು ಅದನ್ನೇ ಒಂದು ಹತ್ಯಾರ ಮಾಡಿಕೊಂಡಿದ್ದರು. ಬಿದಿರ ಕಡ್ಡಿಗಳನ್ನು ಸಾಲಾಗಿ ಕಟ್ಟುವಾಗ ದಾರದ ತುದಿಯನ್ನು ಆ ಸೀಳಿನಲ್ಲಿ ಸಿಕ್ಕಿಸಿ, ಉಳಿದ ಬೆರಳುಗಳಿಂದ ಗಂಟು ಹಾಕುತ್ತಿದ್ದರು. ಬೆಟಗೇರಿಯ ನಮ್ಮ ಓಣಿಯ ಮಕ್ಕಳೆಲ್ಲ ಅದನ್ನು ನೋಡುತ್ತ ಅವರ ಕಟ್ಟೆಯ ಮೇಲೆ ಕೂತಿರುತ್ತಿದ್ದೆವು.

ಲಕ್ಷ್ಮೇಶ್ವರದಿಂದ ಬಂದು ನಮ್ಮ ಓಣಿಯಲ್ಲಿ ನೆಲೆಸಿದವರು. ಕಿಟಕಿಗಳಿಗೆ, ಪಡಸಾಲೆಗಳಿಗೆ ಹೊರಗಡೆಯಿಂದ ಇಳಿಬಿಡುವ ಪರದೆ ಮಾಡುವುದು ಅವರ ಕಸುಬು. ಹಾಗಾಗಿ ಊರಿಗೆಲ್ಲ ಅವರು ಪರದಿ ಚಾಚಾ. ನಮ್ಮದು ನೇಕಾರರ ಮನೆ. ನಮ್ಮಪ್ಪನ ಮಗ್ಗಕ್ಕೂ ಅವರ ಬಿದಿರಿಗೂ ನಡುವೆ ಇದ್ದದ್ದು ಒಂದೇ ಗೋಡೆ. ಗೋಡೆಯಾಚೆಯ ಮಾತುಗಳನ್ನು ಕೇಳಿ ಕೇಳಿ ಅವರು ಪರದೆಯ ಕೆಲಸಕ್ಕೂ ಸೀರೆಯ ಮಾತುಗಳನ್ನೇ ತಂದುಕೊಂಡಿದ್ದರು. ಪರದೆ ಗಾಳಿಗೆ ಹಾರದಂತೆ ಅದರ ಎರಡೂ ಅಂಚುಗಳನ್ನು ಹಿಡಿದು ನಡೆಸುವ ಏರ್ಪಾಡು ಇರುತ್ತದಲ್ಲ, ಅದಕ್ಕೆ ಅವರು ಸೀರೆಯ ಅಂಚಿನ ಹೆಸರನ್ನೇ ಕೊಟ್ಟು ದಡಿ ಅನ್ನುತ್ತಿದ್ದರು. ದಡಿಯಲ್ಲಿ ಎರಡು ಬಗೆ. ಮೇಲಿನಿಂದ ಕೆಳಕ್ಕೆ ಬಿಗಿದ ಉಕ್ಕಿನ ತಂತಿಯ ಮೇಲೆ ಪರದೆಯ ಬಳೆಗಳು ಜಾರಿದರೆ ತಂತಿ ದಡಿ. ಗೋಡೆಗೆ ಕೂಡಿಸಿದ ಕಬ್ಬಿಣದ ಚಾನಲ್ಲಿನೊಳಗೆ ಪರದೆಯ ಅಂಚು ಸಿಕ್ಕಿಕೊಂಡು ಇಳಿದರೆ ಚಾನಲ್ ದಡಿ.

ಯಾವ ಕಿಟಕಿಗೆ ಯಾವ ದಡಿ ಎಂದು ಅವರು ಕೂಡಲೇ ಹೇಳುತ್ತಿರಲಿಲ್ಲ. ಕಿಟಕಿಯ ಸರಳಿಗೆ ಒಂದು ಗೇಣುದ್ದದ ಚಿಂದಿ ಕಟ್ಟಿ ಹೋಗುತ್ತಿದ್ದರು. ಮೂರು ದಿನ ಬಿಟ್ಟು ಬಂದು, ಅದನ್ನು ಬಿಚ್ಚಿ, ಕನ್ನಡಕ ಏರಿಸಿ ತುದಿಯನ್ನು ನೋಡುತ್ತಿದ್ದರು. ಚಿಂದಿಯ ತುದಿ ಗಟ್ಟಿಯಾಗಿದ್ದರೆ ತಂತಿ ಸಾಕು, ನೂಲು ಬಿಚ್ಚಿದ್ದರೆ ಚಾನಲ್ಲೇ ಬೇಕು. ಅವಸರದವರು ಬೈದುಕೊಳ್ಳುತ್ತಿದ್ದರು. ಗಾಳಿಯನ್ನು ಕೇಳದೆ ಪರದೆ ಹಾಕಲು ತನಗೇನು ಹುಚ್ಚೇ ಎಂದು ಚಾಚಾ ನಗುತ್ತಿದ್ದರು.

ಗದಗ ಜಿಲ್ಲೆಯಾದಾಗ ಓಣಿಯಲ್ಲಿ ಅವರಷ್ಟು ಹಿಗ್ಗಿದವರು ಇನ್ನೊಬ್ಬರಿಲ್ಲ. ಜಿಲ್ಲೆ ಎಂದರೆ ಕಚೇರಿ, ಕಚೇರಿ ಎಂದರೆ ಕಿಟಕಿ ಎನ್ನುವುದು ಅವರ ಲೆಕ್ಕಾಚಾರ. ಅದೇ ಹೊಸ ಕಚೇರಿಗಳ ಪೈಕಿ ಒಂದರಲ್ಲಿ ನನಗೆ ಗುಮಾಸ್ತೆಯ ನೌಕರಿ ಸಿಕ್ಕಿತು. ಹತ್ತಿ ವ್ಯಾಪಾರಿಯೊಬ್ಬರ ಹಳೆಯ ಅಟ್ಟದ ಮನೆಯನ್ನು ಬಾಡಿಗೆ ಹಿಡಿದು ನಡೆಸುತ್ತಿದ್ದ ಕಚೇರಿ. ಪಡುವಣಕ್ಕೆ ಆರು ಕಿಟಕಿ. ಮಧ್ಯಾಹ್ನವಾದರೆ ಬಿಸಿಲು ನೇರ ಮೇಜಿನ ಮೇಲೆ ಬೀಳುತ್ತಿತ್ತು. ಸಾಹೇಬರು ಪರದೆಯ ಕೆಲಸವನ್ನು ನನಗೆ ವಹಿಸಿದರು. ಬೆಟಗೇರಿಯವರು, ಅರಿವೆ ಅಂಚು ಬಲ್ಲವರು, ನೀವೇ ಗೊತ್ತು ಮಾಡಿ ಬರೆದಿಡಿ ಅಂದರು. ಅದು ನನಗೆ ವಹಿಸಿದ ಮೊದಲ ಕೆಲಸ. ನಾನು ಚಾಚಾನನ್ನು ಕರೆತಂದೆ.

ಕಚೇರಿಯಲ್ಲಿ ನಾಲ್ಕು ಜನರ ಮುಂದೆ ಅವರು ನನ್ನನ್ನು, ದೊಡ್ಡ ಹೆಂಗಸರನ್ನು ಕರೆಯುವ ಹಾಗೆ, 'ಬಾಯಾರ' ಅಂದರು. ಓಣಿಯಲ್ಲಿ ಹುಟ್ಟಿದಾಗಿನಿಂದ ನಾನು ಅವರಿಗೆ 'ಬೇಟಿ'. ಆ ಬಾಯಾರ ಎನ್ನುವ ಮಾತಿನಲ್ಲಿ ಸ್ವಲ್ಪ ಚೇಷ್ಟೆ, ಬಹಳ ಹೆಮ್ಮೆ ಇತ್ತು. ಸಂಜೆ ಮನೆಯ ಮುಂದೆ ಸಿಕ್ಕು, ಬಾಯಾರು ಕುರ್ಚಿಯಲ್ಲಿ ಕೂತಿದ್ದನ್ನು ನೋಡಿ ಕಣ್ಣು ತಂಪಾಯಿತು ಎಂದು ನಮ್ಮವ್ವನ ಮುಂದೆ ಹೇಳಿದರು.

ಮೂರು ದಿನದ ಮೇಲೆ ಚಿಂದಿಯನ್ನು ತಂದು ನನ್ನ ಮೇಜಿನ ಮೇಲಿಟ್ಟರು. ಆಗ ಸುತ್ತ ಯಾರೂ ಇರಲಿಲ್ಲ.

"ತುದಿ ನೋಡ ಬೇಟಿ. ಮೂರ ದಿನದಾಗ ನೂಲೆಲ್ಲಾ ಬಿಚ್ಚ್ಯಾವ. ಇಲ್ಲಿ ತಂತಿ ನಿಲ್ಲಂಗಿಲ್ಲ. ಚಾನಲ್ ದಡಿನ ಹಾಕಬೇಕು."

ನೇಕಾರರ ಮನೆಯಲ್ಲಿ ಬೆಳೆದ ನನಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಆದರೆ ನನ್ನ ತಲೆಯಲ್ಲಿ ಹುಬ್ಬಳ್ಳಿಯಲ್ಲಿ ನೋಡಿದ ಒಂದು ಕಟ್ಟಡ ಕೂತಿತ್ತು. ಕೂದಲೆಳೆಯಂಥ ತಂತಿ, ಅದರ ಮೇಲೆ ಹಗುರಾಗಿ ಇಳಿಯುವ ಪರದೆ. ಚಾನಲ್ ಹಾಕಿದರೆ ಕಚೇರಿ ಕಿರಾಣಿ ಅಂಗಡಿಯಂತೆ ಕಾಣುತ್ತದೆ ಅನ್ನಿಸಿತು. ಹೊಸ ನೌಕರಿಯ ಮದ ಅದು, ಬೇರೇನಲ್ಲ. ತಂತಿಯೇ ಇರಲಿ ಅಂದೆ. ತಂತಿಯಾದರೆ ತನ್ನ ಪರದೆ ಬೇಡ, ಬೇರೆಯವರನ್ನು ನೋಡಿಕೋ ಎಂದು ಚಾಚಾ ಎದ್ದರು. ನಾನು ಅವರ ಕೈ ಹಿಡಿದುಕೊಂಡೆ. "ನನ್ನ ಮೊದಲನೇ ಕೆಲಸ ಐತ್ರಿ ಚಾಚಾ. ನನ್ನ ಸಲುವಾಗಿ ಇದೊಂದ ಸಲ."

ಎದ್ದವರು ಮತ್ತೆ ಕೂತರು. ಕಡೆಗೆ ಒಪ್ಪಿಕೊಂಡರು, ಒಂದೇ ಷರತ್ತಿನ ಮೇಲೆ: ಆಷಾಢದಲ್ಲಿ ಪರದೆಗಳನ್ನು ಮೇಲೆ ಸುತ್ತಿ ಕಟ್ಟಿಡಬೇಕು. ನಾನು ಹೂಂ ಅಂದೆ. ಚಿಂದಿಯನ್ನು ಡ್ರಾಯರಿನಲ್ಲಿ ಹಾಕಿದೆ. ಷರತ್ತನ್ನು ಯಾರಿಗೂ ಹೇಳಲಿಲ್ಲ.

ಆ ದಿನ ಕಡತದಲ್ಲಿ ಟಿಪ್ಪಣಿ ಬರೆದೆ. ಕಚೇರಿಯ ಬರವಣಿಗೆಯಲ್ಲಿ ಯಾರೂ ಯಾವುದನ್ನೂ ತಾನೇ ಮಾಡಿದೆ ಅನ್ನುವುದಿಲ್ಲ. ಎಲ್ಲವೂ ಇನ್ನೊಬ್ಬರ ಆದೇಶದಂತೆ, ಇನ್ನೊಬ್ಬರ ಸಲಹೆಯ ಮೇರೆಗೆ ನಡೆಯುತ್ತದೆ. ಮೂರು ತಿಂಗಳಲ್ಲಿ ನಾನು ಕಲಿತದ್ದೂ ಅಷ್ಟೇ. 'ಕುಶಲಕರ್ಮಿಯ ಸಲಹೆಯ ಮೇರೆಗೆ ತಂತಿಯ ವ್ಯವಸ್ಥೆಯನ್ನು ಆಯ್ಕೆ ಮಾಡಲಾಗಿದೆ' ಎಂದು ದುಂಡಗೆ ಬರೆದು ಅವರ ಮುಂದೆ ಹಿಡಿದೆ. ಚಾಚಾ ದಿನಪತ್ರಿಕೆಯನ್ನು ಮೊದಲ ಸಾಲಿನಿಂದ ಕಡೆಯ ಜಾಹೀರಾತಿನವರೆಗೆ ಬಿಡದೆ ಓದುವವರು. ಅಂಥವರು ಆ ಹಾಳೆಯನ್ನು ಓದಲಿಲ್ಲ. ನಮ್ಮ ಹುಡುಗಿ ಬರೆದದ್ದನ್ನು ನಾನೇನು ತಪಾಸು ಮಾಡಲಿ ಎಂದು ಸಹಿ ಹಾಕಿ ಪೆನ್ನು ತಿರುಗಿ ಕೊಟ್ಟರು.

ಪರದೆಗಳು ಬಂದವು, ಚೆಂದ ಕಂಡವು, ಸಾಹೇಬರು ಮೆಚ್ಚಿದರು. ನಾನು ನೆಲದ ಮೇಲೆ ಇರಲಿಲ್ಲ. ಆಷಾಢ ಬಂತು, ಪರದೆಗಳು ಇಳಿಬಿಟ್ಟಂತೆಯೇ ಇದ್ದವು. ನಮ್ಮ ಕಡೆಯ ಆಷಾಢದ ಗಾಳಿಯ ಬಗ್ಗೆ ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಒಂದು ಮಧ್ಯಾಹ್ನ ಮೂರನೆಯ ಕಿಟಕಿಯ ತಂತಿ ಕೊಕ್ಕೆಯಿಂದ ಕಿತ್ತುಬಂತು. ಪರದೆಯ ಅಡಿಗೆ ಭಾರಕ್ಕೆ ಹಾಕಿದ್ದ ಪೈಪು ಬೀಸಿ ಬಂದು ಗಾಜಿಗೆ ಬಡಿಯಿತು. ಅಸುಂಡಿಯಿಂದ ಕಾಗದಕ್ಕಾಗಿ ಬಂದಿದ್ದ ಒಬ್ಬ ಮುದುಕಿ ಆ ಕಿಟಕಿಯ ಕೆಳಗೆ ಬೆಂಚಿನ ಮೇಲೆ ಕೂತಿದ್ದಳು. ಅವಳ ಭುಜಕ್ಕೆ ಗಾಜು ಇಳಿಯಿತು. ಹೊಲಿಗೆ ಹಾಕಿಸಿಕೊಂಡು ಅವಳು ಬದುಕಿದಳು, ಆದರೆ ಆ ಕೈಯನ್ನು ಮೇಲೆತ್ತುವುದು ಮುಂದೆ ಅವಳಿಗೆ ಆಗಲಿಲ್ಲವಂತೆ.

ಮರುದಿನ ಸಾಹೇಬರು ಚಾಚಾನನ್ನು ಕರೆಸಿದರು. ಕಡತ ತೆಗೆದು ನಾನು ಬರೆದ ಸಾಲನ್ನು ಗಟ್ಟಿಯಾಗಿ ಓದಿದರು. ಈ ಸಲಹೆ ಕೊಟ್ಟವರು ನೀವೇ ಏನು ಎಂದು ಕೇಳಿದರು. ಚಾಚಾ ಒಮ್ಮೆ ನನ್ನ ಕಡೆ ನೋಡಿದರು. ಚಿಂದಿ ನನ್ನ ಮೊಣಕಾಲಿಗೆ ತಾಗುವ ಡ್ರಾಯರಿನಲ್ಲಿತ್ತು. ಎಳೆದು ತೆಗೆದು ಮೇಜಿನ ಮೇಲಿಟ್ಟು ಎರಡು ಮಾತು ಆಡಿದ್ದರೆ ಸಾಕಿತ್ತು. ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ನಾನು ತಲೆ ಬಗ್ಗಿಸಿ ಪೆನ್ನಿನ ಮುಚ್ಚಳ ತಿರುವುತ್ತ ಕೂತೆ.

"ಹೌದ್ರಿ ಸಾಹೇಬ್ರ," ಅಂದರು ಚಾಚಾ. "ಸಹಿ ನಂದ ಐತಿ. ತಪ್ಪಾತು."

ಆರೂ ಪರದೆಗಳನ್ನು ಅವರೇ ಬಿಚ್ಚಿ ಕೈಗಾಡಿಯ ಮೇಲೆ ಹೇರಿಕೊಂಡು ಹೋದರು. ಸುದ್ದಿ ಉಳಿದ ಕಚೇರಿಗಳಿಗೆ ಹಬ್ಬಿತು. ಜಿಲ್ಲೆಯ ಅಷ್ಟೂ ಕಿಟಕಿಗಳ ಪೈಕಿ ಒಂದೂ ಅವರ ಪಾಲಿಗೆ ಬರಲಿಲ್ಲ. ಮುದುಕಿಯ ಮೇಲೆ ಪರದೆ ಬೀಳಿಸಿದವ ಎಂದು ಚಹಾದಂಗಡಿಯಲ್ಲಿ ಆಡಿಕೊಂಡರು. ಅವರು ಬೆಳ್ಳಟ್ಟಿ, ಸಿಂಗಟಾಲೂರು, ಮುಂಡರಗಿಯ ಕಡೆಗೆ ಬಸ್ಸು ಹತ್ತಿ ಹೋಗಿ, ಟ್ರ್ಯಾಕ್ಟರುಗಳಿಗೆ ಹೊದಿಸುವ ತಾಡಪತ್ರಿ ಹೊಲಿದು ಕೊಟ್ಟು ಬರತೊಡಗಿದರು. ಗಾಳಿಯನ್ನು ಓದಬಲ್ಲ ಮನುಷ್ಯ ಹರಿದ ತಾಡಪತ್ರಿಗೆ ತೇಪೆ ಹಾಕುತ್ತ ಕೂತರು. ಹಾಗೆ ಕೂರಿಸಿದವಳು ನಾನು.

ಪರದೆಗಳನ್ನು ಬಿಚ್ಚಿದ ಆ ವಾರವೇ ಒಂದು ಸಂಜೆ, ಎಲ್ಲ ಹೇಳಿ ಕಾಲು ಹಿಡಿಯಬೇಕೆಂದು ಅವರ ಮನೆಗೆ ಹೋಗಿದ್ದೆ. ಅವರು ಸೂಜಿಯಿಂದ ತಲೆ ಎತ್ತಿ ಒಳಗೆ ಕೂಗಿ ಹೇಳಿದರು, "ಬಾಯಾರು ಬಂದಾರ, ಚಾ ಮಾಡು." ಚೇಷ್ಟೆ ಇರಲಿಲ್ಲ, ಸಿಟ್ಟೂ ಇರಲಿಲ್ಲ. ನಾನು ಚಹಾ ಕುಡಿದೆ, ಎದ್ದು ಬಂದೆ. ಅಂದಿನಿಂದ ಓಣಿಯಲ್ಲೂ ನಾನು ಅವರಿಗೆ ಬಾಯಾರು. ಬೇಟಿ ಎನ್ನುವ ಮಾತು ಅವರ ಬಾಯಿಂದ ಮತ್ತೆ ಬರಲಿಲ್ಲ. ನನ್ನ ಮದುವೆಯಲ್ಲಿ ಅಕ್ಷತೆ ಹಾಕುವಾಗಲೂ ಬರಲಿಲ್ಲ.

ಎಷ್ಟೋ ವರ್ಷದ ಮೇಲೆ ನಾವು ಸ್ವಂತ ಮನೆ ಕಟ್ಟಿಸಿದೆವು. ಅದಕ್ಕೂ ಒಂದು ಪಡುವಣ ಕಿಟಕಿ ಬಂತು. ಪರದೆಗೆ ಅವರನ್ನೇ ಕರೆದೆ. ಬೆನ್ನು ಬಾಗಿತ್ತು. ಸರಳಿಗೆ ಚಿಂದಿ ಕಟ್ಟಿ ಹೋದರು, ಮೂರು ದಿನ ಬಿಟ್ಟು ಬಂದು ಬಿಚ್ಚಿ ನೋಡಿದರು. ತಂತಿಯೋ ಚಾನಲ್ಲೋ ಎಂದು ಕೇಳಿದರು. ನೀವು ಹೇಳಿದಂಗ ಆಗಲಿ ಚಾಚಾ, ಅಂದೆ.

ಅವರು ಚಿಂದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಸಣ್ಣಗೆ ನಕ್ಕರು.

"ಬರದ ಕೊಡ್ತೀರೇನ್ರಿ, ಬಾಯಾರ?"

ಚಹಾ ಇಡುವ ನೆವದಿಂದ ಒಳಗೆ ಹೋಗಿ ಒಲೆಯ ಮುಂದೆ ನಿಂತೆ. ಹೊರಗೆ ಬರುವಷ್ಟರಲ್ಲಿ ಅವರು ಅಳತೆ ಮುಗಿಸಿ, ಸೀಳಿದ ಉಗುರಿನಲ್ಲಿ ದಾರ ಸಿಕ್ಕಿಸಿಕೊಂಡು ಕೂತಿದ್ದರು.

ಚಾನಲ್ ದಡಿಯನ್ನೇ ಹಾಕಿದರು. ಅದೇ ವರ್ಷ ರಂಜಾನ್ ಮುಗಿದ ಮೇಲೆ ತೀರಿಕೊಂಡರು. ಮಾತಾಡಿಸಲು ಹೋದಾಗ ಅವರ ಹೆಂಡತಿ ನನ್ನ ಕೈ ಹಿಡಿದು, ನಿಮ್ಮ ಮನೆಯ ಪರದೆಯೇ ಅವರ ಕಡೆಯ ಕೆಲಸವಾಯಿತು ಎಂದು ಅತ್ತರು. ಆಗಲೂ ನಾನು ಬಾಯಿ ಬಿಡಲಿಲ್ಲ.

ಆ ಪರದೆಯ ಮೇಲೆ ಎಷ್ಟೋ ಆಷಾಢ ಹಾದುಹೋದವು, ಅಂಚು ಅಲುಗಿಲ್ಲ. ಕಚೇರಿಯ ಡ್ರಾಯರಿನ ಚಿಂದಿ ಈಗಲೂ ನನ್ನ ಹತ್ತಿರ ಇದೆ. ನಿವೃತ್ತಿಯ ದಿನ ಹಾರ, ಶಾಲುಗಳ ಜೊತೆ ಅದನ್ನೂ ಚೀಲಕ್ಕೆ ಹಾಕಿಕೊಂಡು ಬಂದೆ. ಚಾಚಾ ಬರೆದು ಕೊಡಲು ಕೇಳಿದ್ದರು. ಓದಲು ಅವರಿಲ್ಲ, ಆದರೂ ಬರೆಯುತ್ತೇನೆ: ನನ್ನ ಮನೆಗೆ ಚಾನಲ್ ಹಾಕಿದ್ದು ಅವರ ಸಲಹೆಯ ಮೇರೆಗೆ. ಕಚೇರಿಗೆ ತಂತಿ ಹಾಕಿಸಿದ್ದು, ಅವರು ಬೇಡವೆಂದ ಮೇಲೂ, ನಾನು.